ಅತ್ತಿಹಣ್ಣಿನೊಳಗಿನ ಹುಳ: ಅತಿಥಿಯೋ, ಮನೆಯೊಡೆಯನೋ?

ನಮಸ್ಕಾರ. ಏಕಾದಶಿಯ ದಿನ ನೆನೆಸಿದ ಅಂಜೂರ ತಿನ್ನುವ ಅಭ್ಯಾಸವಿರುವ ನಮ್ಮ ವೀಕ್ಷಕರೊಬ್ಬರು, ಪ್ರತಿಯೊಂದು ಅಂಜೂರದೊಳಗೂ ಒಂದು ಸತ್ತ ಕಣಜ ಇರುತ್ತದೆಂದು ಮೊಮ್ಮಗ ಮೊಬೈಲಿನಲ್ಲಿ ತೋರಿಸಿದ ದಿನದಿಂದ ಅಂಜೂರದ ಡಬ್ಬಿಯನ್ನೇ ಮುಚ್ಚಿಟ್ಟಿದ್ದಾರಂತೆ. ಇದು ನಿಜವೇ, ನಿಜವಾಗಿದ್ದರೆ ಇಷ್ಟು ವರ್ಷ ತಿಂದದ್ದಕ್ಕೆ ಏನು ಮಾಡಬೇಕು ಎಂಬುದು ಅವರ ಪ್ರಶ್ನೆ. ಎರಡನೆಯ ಭಾಗವನ್ನು ನಾನು ಅವರ ಮನೆಯ ಪುರೋಹಿತರಿಗೆ ಬಿಟ್ಟಿದ್ದೇನೆ. ಮೊದಲನೆಯ ಭಾಗದ ಬೆನ್ನುಹತ್ತಿ ಹೋದವನು ಮಾತ್ರ ಅಂಜೂರವನ್ನು ಅರ್ಧದಲ್ಲೇ ಬಿಟ್ಟು, ಅದರ ದಾಯಾದಿಯಾದ ಅತ್ತಿಯ ಮರದ ಕೆಳಗೆ ಬಂದು ನಿಂತೆ.

[ದೃಶ್ಯ: ಅತ್ತಿಮರದ ಬುಡ. ಕಾಂಡಕ್ಕೇ ಅಂಟಿಕೊಂಡು ಗೊಂಚಲು ಗೊಂಚಲಾಗಿ ಬಿಟ್ಟ ಕಾಯಿಗಳು.]

ಹೊರಗೆ ನೋಡಿದರೆ ಕೆಂಪು, ಬಿಡಿಸಿ ನೋಡಿದರೆ ಹುಳ ಎಂಬರ್ಥದ ಮಾತನ್ನು, ಹೊರಗೊಂದು ಒಳಗೊಂದು ಇರುವ ಜನರನ್ನು ಹಳಿಯುವುದಕ್ಕೆ ನಮ್ಮಲ್ಲಿ ಬಳಸುತ್ತಾರೆ. ಆ ಮಾತಿನಿಂದ ಹಣ್ಣಿಗೂ ಹುಳಕ್ಕೂ ಅನ್ಯಾಯವಾಗಿದೆ ಎಂಬುದು ನನ್ನ ವಾದ. ಬೇರೆ ಹಣ್ಣುಗಳಿಗೆ ಹುಳ ಹತ್ತುತ್ತದೆ. ಅತ್ತಿಯ ವಿಷಯದಲ್ಲಿ ಹುಳವಿಲ್ಲದಿದ್ದರೆ ಮರಕ್ಕೆ ಬೀಜವೇ ಕಟ್ಟುವುದಿಲ್ಲ.

ಮೂಲ ಸಂಗತಿಗಳನ್ನು ಬೇಗ ಮುಗಿಸಿಬಿಡೋಣ. ಅತ್ತಿ, ಆಲ, ಅರಳಿ, ಬಸರಿ, ಅಂಜೂರ ಇವೆಲ್ಲವೂ ಫೈಕಸ್ ಎಂಬ ಒಂದೇ ಕುಲದವು. ಈ ಕುಲದಲ್ಲಿ 750ಕ್ಕೂ ಹೆಚ್ಚು ಪ್ರಭೇದಗಳಿವೆ. ಇವುಗಳ ಹೂವು ಯಾರ ಕಣ್ಣಿಗೂ ಬೀಳುವುದಿಲ್ಲವಾದ್ದರಿಂದಲೇ ಅಮರಕೋಶವು ಹೂಬಿಟ್ಟು ಹಣ್ಣಾಗುವ ಮರಗಳನ್ನು ಒಂದು ಕಡೆ ಇಟ್ಟು, ಹೂವಿಲ್ಲದೆ ಹಣ್ಣು ಕೊಡುವವನ್ನು ‘ವನಸ್ಪತಿ’ ಎಂದು ಬೇರೆಯೇ ಕರೆಯಿತು. (ಆ ಹೆಸರು ಕೊನೆಗೆ ಬೋಂಡಾ ಕರಿಯುವ ಡಬ್ಬಿಯ ಮೇಲೆ ಹೋಗಿ ಕುಳಿತದ್ದು ಇನ್ನೊಂದು ಸಂಚಿಕೆಯ ಕಥೆ.) ವಾಸ್ತವದಲ್ಲಿ ಹೂವಿಗೆ ಕೊರತೆಯೇನೂ ಇಲ್ಲ. ಅತ್ತಿಯು ಹಲಸಿನ ಕುಟುಂಬಕ್ಕೆ ಸೇರಿದ ಮರ; ಹಲಸಿನಲ್ಲಿ ನೂರಾರು ಹೂಗಳು ದಿಂಡಿನ ಹೊರಮೈಯಲ್ಲಿ ಒತ್ತೊತ್ತಾಗಿ ಕುಳಿತು ಒಂದೇ ಕಾಯಾಗುತ್ತವೆ, ಅದನ್ನೇ ಕಾಲುಚೀಲದಂತೆ ಒಳಗು ಹೊರಗು ಮಾಡಿ ಮಗುಚಿದರೆ ಅತ್ತಿಕಾಯಿ. ಹೂಗಳೆಲ್ಲ ಒಳಗೋಡೆಯ ಮೇಲೆ, ಕತ್ತಲಲ್ಲಿ. ಹೊರಜಗತ್ತಿಗೆ ಇರುವ ದಾರಿ ತೊಟ್ಟಿನ ಎದುರು ತುದಿಯಲ್ಲಿ ಇರುವ ಒಂದೇ ಒಂದು ರಂಧ್ರ. ಅದಕ್ಕೂ ಪದರ ಪದರವಾಗಿ ಪುಟ್ಟ ಎಲೆಹುರುಪೆಗಳ ಅಡ್ಡಗಾವಲು.

[ದೃಶ್ಯ: ಮೇಜಿನ ಮೇಲೆ ಎರಡು ಹೋಳಾದ ಅತ್ತಿಕಾಯಿ, ಭೂತಗನ್ನಡಿಯ ಮೂಲಕ.]

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಈ ಬಾಗಿಲೇ ನನಗೆ ಇಡೀ ಕಥೆಯಲ್ಲಿ ಅತ್ಯಂತ ಪ್ರಿಯವಾದ ಭಾಗ. ಅತ್ತಿಕಾಯಿಯನ್ನು ಒಂದು ಮದುವೆಯ ಛತ್ರವೆಂದುಕೊಳ್ಳಿ. ಮರ ಸೂಸುವ ವಾಸನೆಯ ಜಾಡು ಹಿಡಿದು, ಅಕ್ಕಿಕಾಳಿಗಿಂತ ಚಿಕ್ಕದಾದ ಒಂದು ಹೆಣ್ಣು ಕಣಜ ಬಾಗಿಲಿಗೆ ಬರುತ್ತದೆ. ವಿಜ್ಞಾನಿಗಳು ಇದನ್ನು ಸೆರಟೊಸೋಲೆನ್ ಫ್ಯೂಸಿಸೆಪ್ಸ್ ಎಂದು ಕರೆಯುತ್ತಾರೆ; ನಾವು ಅತ್ತಿಕಣಜ ಎನ್ನೋಣ. ಬಾಗಿಲು ಎಷ್ಟು ಕಿರಿದೆಂದರೆ, ತಲೆಯನ್ನು ಬೆಣೆಯಂತೆ ತುರುಕಿ ಹುರುಪೆಗಳ ನಡುವೆ ನುಸುಳುವಾಗ ಅದರ ರೆಕ್ಕೆಗಳು ಕಿತ್ತು ಹೊರಗೇ ಉಳಿಯುತ್ತವೆ, ಮೀಸೆಗಳ ತುದಿಯೂ ಅನೇಕ ವೇಳೆ ಮುರಿದುಹೋಗುತ್ತದೆ. ಛತ್ರಕ್ಕೆ ಬಂದವರು ಚಪ್ಪಲಿಯನ್ನು ಹೊರಗೆ ಬಿಡುವಂತೆ ಕಣಜ ರೆಕ್ಕೆಗಳನ್ನು ಬಾಗಿಲಲ್ಲೇ ಬಿಡುತ್ತದೆ, ಆದರೆ ತಿರುಗಿ ಬಂದು ತೊಡುವ ಮಾತಿಲ್ಲ. ನಾನು ತಂದ ಕಾಯಿಗಳಲ್ಲೊಂದರ ಬಾಗಿಲಲ್ಲಿ ಅಂಥ ಒಂದು ರೆಕ್ಕೆ ಸಿಕ್ಕಿಕೊಂಡಿತ್ತು. ಈರುಳ್ಳಿ ಸಿಪ್ಪೆಯ ಚೂರಿನಂತೆ ಹೊಳೆಯುತ್ತಿದ್ದ ಅದನ್ನು ಸೂಜಿಯ ಮೊನೆಯಿಂದ ಎತ್ತಲು ಹೋಗಿ, ನನ್ನ ಉಸಿರಿಗೇ ಹಾರಿಹೋಗಿ, ಆಮೇಲೆ ಅರ್ಧ ಗಂಟೆ ಮೇಜಿನ ಕೆಳಗೆ ಹುಡುಕಿದೆ.

ಒಳಗೆ ಬಂದವಳು ಬರಿಗೈಯಲ್ಲಿ ಬಂದಿರುವುದಿಲ್ಲ. ತಾನು ಹುಟ್ಟಿದ ಅತ್ತಿಕಾಯಿಯಿಂದ ಹೊರಡುವ ಮುನ್ನ ಅಲ್ಲಿನ ಗಂಡು ಹೂಗಳ ಪರಾಗವನ್ನು ಎದೆಯಲ್ಲಿರುವ ಎರಡು ಜೇಬುಗಳಿಗೆ ತಾನೇ ತುಂಬಿಕೊಂಡು ಬಂದಿರುತ್ತಾಳೆ. ಅದನ್ನು ಹೂಗಳ ಮೇಲೆ ಹಚ್ಚುತ್ತ, ಹೂವಿನ ನಾಳದೊಳಗೆ ಸೂಜಿಯಂಥ ನಳಿಕೆ ಇಳಿಸಿ ಅಂಡಾಶಯದಲ್ಲಿ ಮೊಟ್ಟೆ ಇಡುತ್ತಾಳೆ. ನಾಳ ಗಿಡ್ಡವಾಗಿರುವ ಹೂಗಳಲ್ಲಿ ಮೊಟ್ಟೆ ನೆಲೆ ನಿಂತು ಮರಿಯಾಗುತ್ತದೆ. ನಾಳ ಉದ್ದವಿರುವ ಕಡೆ ನಳಿಕೆ ತಳ ಮುಟ್ಟುವುದಿಲ್ಲವಾದ್ದರಿಂದ ಆ ಹೂಗಳು ಬೀಜವಾಗುತ್ತವೆ. ಹೀಗೆ ಅರ್ಧ ಛತ್ರ ಹೆಣ್ಣಿನ ಕಡೆಯವರಿಗೆ, ಅರ್ಧ ಗಂಡಿನ ಕಡೆಯವರಿಗೆ ಎಂಬಂತೆ ಮರಕ್ಕೂ ಕಣಜಕ್ಕೂ ಪಾಲು ಹಂಚಿಕೆಯಾಗುತ್ತದೆ, ಮತ್ತು ಹಂಚಿದ ಅತಿಥಿ ಅಲ್ಲೇ ಪ್ರಾಣ ಬಿಡುತ್ತಾಳೆ.

ವಾರಗಳು ಕಳೆದ ಮೇಲೆ ಮೊದಲು ಹೊರಬರುವವರು ಗಂಡುಗಳು. ಇವರಿಗೆ ರೆಕ್ಕೆಯಿಲ್ಲ, ದೃಷ್ಟಿಯೂ ಅಷ್ಟಕ್ಕಷ್ಟೆ. ಇನ್ನೂ ತಮ್ಮ ಹೂಗೂಡಿನೊಳಗೇ ಇರುವ ಹೆಣ್ಣುಗಳನ್ನು ಗೋಡೆ ಕೊರೆದು ಕೂಡುತ್ತಾರೆ, ಆಮೇಲೆ ಕಾಯಿಯ ದಪ್ಪ ಗೋಡೆಯನ್ನು ಕಚ್ಚಿ ಕಚ್ಚಿ ಹೊರದಾರಿಯೊಂದನ್ನು ತೋಡುತ್ತಾರೆ. ಆ ದಾರಿ ತಮಗಾಗಿ ಅಲ್ಲ. ಸುರಂಗ ಬಾಯಿತೆರೆದಾಗ ಹೊರಗೆ ಬಿದ್ದವರು ಕಾಂಡದ ಮೇಲೆ ಕಾದಿರುವ ಇರುವೆಗಳ ಪಾಲಾಗುತ್ತಾರೆ, ಒಳಗುಳಿದವರು ಅಲ್ಲೇ ಸಾಯುತ್ತಾರೆ. ಪರಾಗ ತುಂಬಿಕೊಂಡ ಹೆಣ್ಣುಗಳು ಅದೇ ಸುರಂಗದಲ್ಲಿ ಹೊರಟು ಇನ್ನೊಂದು ಅತ್ತಿಮರವನ್ನು ಹುಡುಕಿಕೊಂಡು ಹಾರುತ್ತಾರೆ. ಬಿಸಿಲು ಕಾಣದೆ ಹುಟ್ಟಿ, ಮದುವೆ ಮಾಡಿಕೊಂಡು, ರಸ್ತೆ ಹಾಕಿ, ಉದ್ಘಾಟನೆಗೂ ಉಳಿಯದೆ ಹೋಗುವ ಗುತ್ತಿಗೆದಾರನನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ಹಣ್ಣಾದ ಅತ್ತಿಯನ್ನು ನಾವು ಬಿಡಿಸಿದಾಗ ಕಾಣುವುದು ಬಹುಮಟ್ಟಿಗೆ ಈ ಗಂಡುಗಳನ್ನು ಮತ್ತು ಹೊರಡಲು ತಡಮಾಡಿದ ಹೆಣ್ಣುಗಳನ್ನು.

[ದೃಶ್ಯ: ಕಾಯಿಯ ಹೊರಮೈ ಮೇಲೆ ಕುಳಿತು ಕೂದಲಿಗಿಂತ ಸಣ್ಣ ನಳಿಕೆಯಿಂದ ಕೊರೆಯುತ್ತಿರುವ ಇನ್ನೊಂದು ಕಣಜ.]

ಮದುವೆಮನೆಗೆ ಕರೆಯದೆ ಬರುವವರೂ ಇರುತ್ತಾರಷ್ಟೆ. ಪರಾಗ ತರದೆ, ಬಾಗಿಲಿಗೂ ಬಾರದೆ, ಗೋಡೆಯ ಹೊರಗೆ ಕುಳಿತು ಉದ್ದನೆಯ ನಳಿಕೆಯಿಂದ ಕಾಯಿಯನ್ನೇ ಕೊರೆದು ಒಳಗಿನ ಮರಿಗಳ ಮೇಲೆ ತನ್ನ ಮೊಟ್ಟೆ ಇಡುವ ಪರಾವಲಂಬಿ ಕಣಜವೊಂದಿದೆ. ಕೂದಲಿಗಿಂತ ತೆಳ್ಳಗಿನ ನಳಿಕೆ ಮುರಿಯದೆ ಬಾಗದೆ ಗಟ್ಟಿ ಕಾಯನ್ನು ಹೇಗೆ ಕೊರೆಯುತ್ತದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು: ನಳಿಕೆಯ ತುದಿಯಲ್ಲಿ ಗರಗಸದಂಥ ಹಲ್ಲುಗಳಿದ್ದು, ಅವುಗಳಿಗೆ ಸತುವು ಸೇರಿ ಗಡಸುತನ ಬಂದಿದೆ. ಬಾಗಿಲಿನಿಂದಲೇ ಒಳಹೋಗುವ ನಮ್ಮ ಸಭ್ಯ ಅತ್ತಿಕಣಜದ ನಳಿಕೆಯಲ್ಲಿ ಅಂಥ ಸತುವಿನ ಹಲ್ಲುಗಳಿಲ್ಲ. ಕಳ್ಳನಿಗಷ್ಟೇ ಡ್ರಿಲ್ಲಿಂಗ್ ಮೆಷಿನ್.

ಛತ್ರದ ಉಪಮೆಗೇ ಬಹುಪಾಲು ಸಮಯ ಖರ್ಚಾಗಿದೆ ಎಂದು ಸಂಕಲನಕಾರರು ಕೈಸನ್ನೆ ಮಾಡುತ್ತಿರುವುದರಿಂದ, ಉಳಿದದ್ದನ್ನು ಒಟ್ಟಿಗೇ ಹೇಳಿಬಿಡುತ್ತೇನೆ. ಒಂದೆರಡು ದಿನ ಮಾತ್ರ ಬದುಕುವ ಈ ಜೀವಿಗಳು ಹಾರುವ ದೂರವನ್ನು ಕೇಳಿದರೆ ನಂಬಿಕೆ ಬರುವುದಿಲ್ಲ: ಆಫ್ರಿಕಾದ ನಮೀಬ್ ಮರುಭೂಮಿಯಲ್ಲಿ ನಮ್ಮ ಅತ್ತಿಯ ಹತ್ತಿರದ ಸಂಬಂಧಿಯಾದ ಮರಗಳನ್ನು ಅಧ್ಯಯನ ಮಾಡಿದವರು, ಗಾಳಿಯನ್ನೇರಿದ ಕಣಜಗಳು ಪರಾಗವನ್ನು 160 ಕಿಲೋಮೀಟರ್‌ವರೆಗೂ ಒಯ್ದಿದ್ದನ್ನು ವಂಶವಾಹಿಗಳ ಹೋಲಿಕೆಯಿಂದ ಕಂಡುಕೊಂಡು 2009ರಲ್ಲಿ ವರದಿ ಮಾಡಿದರು. ಕಣಜವಿಲ್ಲದೆ ಏನಾಗುತ್ತದೆಂಬುದನ್ನು ಕ್ಯಾಲಿಫೋರ್ನಿಯಾದ ರೈತರು ಕೈಸುಟ್ಟುಕೊಂಡು ಕಲಿತರು. 1880ರ ದಶಕದಲ್ಲಿ ತುರ್ಕಿಯ ಸ್ಮಿರ್ನಾ ಅಂಜೂರದ ಕಡ್ಡಿಗಳನ್ನು ತರಿಸಿ ನೆಟ್ಟರು, ಮರಗಳು ಹುಲುಸಾಗಿ ಬೆಳೆದವು, ಕಾಯಿಗಳು ಮಾತ್ರ ಬಲಿಯದೆ ಉದುರಿದವು. ಫ್ರೆಸ್ನೋದ ಜಾರ್ಜ್ ರೋಡಿಂಗ್ ಅವರ ತೋಟದಲ್ಲಿ ಕಣಜಗಳು ಕೊನೆಗೂ ನೆಲೆನಿಂತದ್ದು 1899ರಲ್ಲಿ. ತುರ್ಕಿಯ ಬೆಳೆಗಾರರು ಕಣಜ ತುಂಬಿದ ಗಂಡುಮರದ ಕಾಯಿಗಳನ್ನು ದಾರಕ್ಕೆ ಪೋಣಿಸಿ ಹೆಣ್ಣುಮರಕ್ಕೆ ನೇತುಹಾಕುವ ಪದ್ಧತಿಯನ್ನು ಇಂದಿಗೂ ಬಿಟ್ಟಿಲ್ಲ. ಇಂಥದೇ ಪದ್ಧತಿಯನ್ನು ಗ್ರೀಸಿನ ಥಿಯೋಫ್ರಾಸ್ಟಸ್ ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ.

ಈಗ ಆ ವೀಕ್ಷಕರ ಡಬ್ಬಿಯ ವಿಷಯ. ಅತ್ತಿಯಂತಲ್ಲದೆ ಅಂಜೂರದಲ್ಲಿ ಗಂಡುಮರ, ಹೆಣ್ಣುಮರ ಬೇರೆ ಬೇರೆ. ನಾವು ತಿನ್ನುವ ಹೆಣ್ಣುಮರದ ಕಾಯಿಯ ಹೂಗಳೆಲ್ಲ ಉದ್ದ ನಾಳದವು; ಮೋಸಹೋಗಿ ಒಳಗೆ ಬಂದ ಕಣಜ ಒಂದು ಮೊಟ್ಟೆಯನ್ನೂ ಇಡಲಾಗದೆ ಸಾಯುತ್ತದೆ, ಹಣ್ಣಾಗುವ ಹೊತ್ತಿಗೆ ಅದರ ದೇಹ ಬಹುಮಟ್ಟಿಗೆ ಕರಗಿ ಗುರುತು ಸಿಗದಂತಾಗಿರುತ್ತದೆ, ಹಲ್ಲಿಗೆ ಕರಕರ ಸಿಗುವುದು ಬೀಜ. ಆದರೆ ಈ ಮಾತು ಸ್ಮಿರ್ನಾ ಬಗೆಯ ಅಂಜೂರಕ್ಕೆ ಮಾತ್ರ ಅನ್ವಯಿಸುತ್ತದೆ. ಪುಣೆಯ ಬಳಿಯ ಪುರಂದರದಲ್ಲೂ ನಮ್ಮ ಬಳ್ಳಾರಿ, ಕೊಪ್ಪಳದ ತೋಟಗಳಲ್ಲೂ ಬೆಳೆಯುವ ತಳಿಗಳು ಸಾಮಾನ್ಯವಾಗಿ ಪರಾಗಸ್ಪರ್ಶವೇ ಇಲ್ಲದೆ ಹಣ್ಣಾಗುವಂಥವು, ಅವುಗಳಿಗೆ ಕಣಜದ ಹಂಗಿಲ್ಲ. ಆದ್ದರಿಂದ ಡಬ್ಬಿಯಲ್ಲಿರುವುದು ತುರ್ಕಿಯಿಂದ ಬಂದದ್ದಾದರೆ ಮೊಮ್ಮಗ ಹೇಳಿದ್ದು ಸರಿ, ಬಳ್ಳಾರಿಯದಾದರೆ ಅಜ್ಜಿ ಮುಂದಿನ ಏಕಾದಶಿಗೆ ನಾಲ್ಕು ಹಣ್ಣು ನೆನೆಹಾಕಬಹುದು.