ಲಾರಿ ಗುದ್ದಿದ ಗೋಡೆ, ಮಳೆಗೆ ಬಿದ್ದ ಗೋಡೆ

ನಿಮ್ಮ ಮನೆ ಮುಂದಿನ ತಡೆಗೋಡೆಯನ್ನ ಒಂದು ನಿಮಿಷ ಸರಿಯಾಗಿ ನೋಡಿ. ಕೆಳಗೆ ರಸ್ತೆ, ಮೇಲೆ ಮನೆಯಂಗಳ, ನಡುವೆ ಐದಡಿ ಎತ್ತರದ ಕಲ್ಲಿನ ಕಟ್ಟಡ. ಕುಶಾಲನಗರ ದಾಟಿ ಮಡಿಕೇರಿ ಕಡೆಗೆ ಹತ್ತಿದ್ರೆ, ಅಲ್ಲಿಂದ ಸಂಪಾಜೆ ಕಡೆಗೆ ಇಳಿದ್ರೆ, 275ನೇ ಹೆದ್ದಾರಿಯ ತಿರುವುಗಳಲ್ಲಿ ಇಂಥ ಗೋಡೆಗಳು ಎಷ್ಟೋ. ಮರ ಹೇರಿದ ಲಾರಿ, ದಾರಿ ಗೊತ್ತಿಲ್ಲದ ಟೂರಿಸ್ಟ್ ಟೆಂಪೋ ಟ್ರಾವೆಲರ್, ಮಂಜಿನಲ್ಲಿ ತಿರುವು ಕಾಣದ ಕಾರು, ಯಾವುದಾದ್ರೂ ಬಂದು ಗುದ್ದಬಹುದು. ಪರಿಹಾರ ಕೇಳಿದಾಗ ಎದುರು ಪಕ್ಷದವರು ಮೊದಲು ಎತ್ತುವ ಮಾತು ಇದು: "ಅದು ಮಳೆಗೆ ಕುಸಿದದ್ದು, ಗಾಡಿ ಬರೀ ತಾಗಿದ್ದು."

ಕೊಡಗಿನಲ್ಲಿ ಈ ಮಾತಿಗೆ ಉತ್ತರ ಇಟ್ಕೊಳ್ಳದೆ ಕ್ಲೇಮಿಗೆ ಇಳಿಯಬೇಡಿ. ಉತ್ತರ ಗೋಡೆಯಲ್ಲೇ ಇರ್ತದೆ, ಮೊದಲ ದಿನ ಮಾತ್ರ. ಮಳೆ ನೀರು ಕುಡಿದ ಮಣ್ಣು ಹಿಂದಿನಿಂದ ತಳ್ಳಿದ್ರೆ ಗೋಡೆ ರಸ್ತೆ ಕಡೆಗೆ ಹೊಟ್ಟೆ ಬಿಟ್ಟು ಬೀಳ್ತದೆ. ಗಾಡಿ ಗುದ್ದಿದ್ರೆ ಕಲ್ಲುಗಳು ಮೊದಲು ಒಳಕ್ಕೆ ಕೂರ್ತವೆ, ಮಣ್ಣು ಬರುವುದು ಆಮೇಲೆ. ಬಂಪರಿನ ಎತ್ತರದಲ್ಲಿ ಉಜ್ಜಿದ ಗೆರೆ ಇರ್ತದೆ, ಆ ಗೆರೆಯಲ್ಲಿ ಗಾಡಿಯ ಬಣ್ಣ ಇರ್ತದೆ. ಒಂದು ರಾತ್ರಿ ಜೋರು ಮಳೆ ಹೊಡೆದ್ರೆ ಒಳಕ್ಕೆ ಕೂತ ಕಲ್ಲೂ ಜಾರಿ ಹೊರಗೆ ಬರ್ತದೆ, ಎರಡಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ.

ಹಾಗಾಗಿ ಮೊದಲು ಫೋಟೋ. ವಿದ್ಯುತ್ ಕಂಬಕ್ಕೂ ಪೆಟ್ಟು ಬಿದ್ದಿದ್ರೆ ಹತ್ತಿರ ಹೋಗಬೇಡಿ, ವಿದ್ಯುತ್ ಕಂಪನಿ ಸೆಸ್ಕ್‌ಗೆ ಹೇಳಿ ಲೈನ್ ತೆಗೆಸಿ. ಆಮೇಲೆ ದೂರದಿಂದ ಒಂದು, ಗಾಡಿಯ ನಂಬರ್ ಪ್ಲೇಟೂ ಗೋಡೆಯೂ ಒಟ್ಟಿಗೆ ಬರುವ ಹಾಗೆ. ಉಜ್ಜಿದ ಗೆರೆಯ ಪಕ್ಕ ನೆಲದಿಂದ ಟೇಪ್ ಹಿಡಿದು ಒಂದು. ಅದೇ ಟೇಪು ಗಾಡಿಯ ನೆಗ್ಗಿದ ಜಾಗಕ್ಕೆ ಹಿಡಿದು ಇನ್ನೊಂದು. ಇಲ್ಲೂ ಅಲ್ಲೂ ಎರಡೂಮುಕ್ಕಾಲು ಅಡಿ ಬಂತು ಅಂತಾದ್ರೆ ವಾದ ಅರ್ಧ ಮುಗೀತು. ಟೈರಿನ ಗುರುತು, ಬಿದ್ದ ಲೈಟಿನ ಚೂರು ಬಿಡಬೇಡಿ. ಚೂರುಗಳನ್ನ ಪೊಲೀಸರಿಗೆ ತೋರಿಸಿ, ಮಹಜರಿನಲ್ಲಿ, ಅಂದ್ರೆ ಅವರು ಸ್ಥಳ ನೋಡಿ ಬರೆಯುವ ವರದಿಯಲ್ಲಿ, ಬರೆಸಿ. ಮೂಲ ಫೈಲು ಫೋನಿನಲ್ಲೇ ಇರಲಿ, ವಾಟ್ಸಾಪಿನಲ್ಲಿ ಕಳಿಸಿದ ಪ್ರತಿ ನಂಬ್ಕೋಬೇಡಿ. ಮುಂದೆ ಪರಿಹಾರ ಕೇಳಿ ಅಪಘಾತ ನ್ಯಾಯಮಂಡಳಿಗೆ ಇದನ್ನ ಕೊಡುವಾಗ, ಡಿಜಿಟಲ್ ದಾಖಲೆಗೆ ಬೇಕಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರ ಬೇಕಾಗ್ತದೆ.

112ಕ್ಕೆ ಕರೆ ಮಾಡಿ, ಲಿಖಿತ ದೂರು ಕೊಡಿ. ಯಾರಿಗೂ ಗಾಯ ಆಗಿಲ್ಲ ಅಂದ್ರೆ "ಮಾತಾಡಿ ಮುಗಿಸ್ಕೊಳ್ಳಿ" ಅನ್ನುವ ಸಲಹೆ ಬಂದೇ ಬರ್ತದೆ. ಗೇಟಿನ ಒಂದು ಸರಳು ಬಗ್ಗಿದ್ರೆ ಹಾಗೇ ಮುಗಿಸಿ, ತಪ್ಪಿಲ್ಲ. ಗೋಡೆ ಬಿದ್ದಿದ್ರೆ ಮಾತ್ರ ಎಫ್‌ಐಆರ್ ಬೇಕು. ಅಜಾಗರೂಕ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಇದೆ. ಠಾಣೆಯಲ್ಲಿ ದಾಖಲಿಸದಿದ್ರೆ ದೂರನ್ನ ಬರಹದಲ್ಲಿ, ಅಂಚೆ ಮೂಲಕ ಎಸ್‌ಪಿಗೆ ಕಳಿಸಬಹುದು. ಸ್ಥಳ ಮಹಜರು ಮಾಡುವಾಗ ಪಕ್ಕದಲ್ಲೇ ನಿಂತು ಗೋಡೆಯ ಉದ್ದ, ಎತ್ತರ, ಗಿಡದ ಲೆಕ್ಕ ಬರೆಸಿ. "ಕಾಂಪೌಂಡಿಗೆ ಹಾನಿಯಾಗಿರುತ್ತದೆ" ಅಂತ ಒಂದೇ ಸಾಲು ಬರೆದ ಮಹಜರು ಆಮೇಲೆ ಕೈ ಕೊಡ್ತದೆ. ಮೋಟಾರು ವಾಹನ ನಿರೀಕ್ಷಕರ ವರದಿ, ಅಂದ್ರೆ ಐಎಂವಿ ರಿಪೋರ್ಟ್, ಅದರ ಪ್ರತಿಯನ್ನೂ ಕೇಳಿ ತಗೊಳ್ಳಿ. ಬ್ರೇಕ್ ಸರಿ ಇತ್ತಾ, ಗಾಡಿಯ ಯಾವ ಭಾಗ ನೆಗ್ಗಿದೆ ಅನ್ನೋದು ಅದರಲ್ಲಿರ್ತದೆ. "ಆನೆ ಅಡ್ಡ ಬಂತು ಸಾರ್" ಅನ್ನೋ ಡ್ರೈವರನ ಮಾತಿಗೆ ಎದುರಾಗಿ ನಿಮ್ಮ ಕೈಲಿರುವುದು ಈ ವರದಿ, ರಸ್ತೆಯ ಮೇಲಿನ ಬ್ರೇಕಿನ ಗುರುತು. ಆನೆ ನಿಜವಾಗಿಯೂ ಬಂದಿರಬಹುದು, ನಮ್ಮ ಊರು ಅಲ್ವಾ. ಆದ್ರೂ ಪರಿಹಾರ ಸಿಗಬೇಕಾದ್ರೆ ಚಾಲಕನ ನಿರ್ಲಕ್ಷ್ಯ ತೋರಿಸಲೇಬೇಕು.

ಮಹಜರು ಆಗುವವರೆಗೆ ಕಲ್ಲು ಎತ್ತಬೇಡಿ. ಹಾಗಂತ ಜುಲೈ ಮಳೆಯಲ್ಲಿ ಅಂಗಳ ಬಿಟ್ಟು ಕೂರೋಕಾಗಲ್ಲ. ಫೋಟೋ ಆದ ತಕ್ಷಣ ಮೇಲಿನ ಮಣ್ಣಿಗೆ ಟಾರ್ಪಾಲ್ ಹಾಸಿ, ಬುಡಕ್ಕೆ ಮರಳಿನ ಚೀಲ ಇಡಿ, ಅಂಗಳದ ನೀರನ್ನ ಬೇರೆ ಕಡೆಗೆ ತಿರುಗಿಸಿ. ಹಾನಿ ಬೆಳೆಯದ ಹಾಗೆ ನೋಡ್ಕೊಳ್ಳೋದು ನಿಮ್ಮದೇ ಹೊಣೆ, ಅದರ ಬಿಲ್ಲು ಕ್ಲೇಮಿಗೆ ಸೇರ್ತದೆ. ಮನೆಯ ಗೋಡೆಯಲ್ಲಿ ಬಿರುಕು ಬಂದಿದ್ರೆ ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆಯಿರಿ, ಅಡ್ಡಲಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್ ತೇಪೆ ಹಾಕಿ. ತೇಪೆ ಒಡೆದ್ರೆ ಬಿರುಕು ಇನ್ನೂ ಬೆಳೀತಿದೆ ಅಂತ ಅರ್ಥ.

ಈಗ ದುಡ್ಡು ಯಾರು ಕೊಡಬೇಕು? ಗಾಡಿಯ ಥರ್ಡ್ ಪಾರ್ಟಿ ವಿಮೆ. ಗಾಡಿ ನಂಬರನ್ನ ಎಂಪರಿವಾಹನ್ ಆ್ಯಪಿನಲ್ಲಿ ಹಾಕಿ, ಯಾವ ಕಂಪನಿ, ಅಪಘಾತದ ದಿನ ಪಾಲಿಸಿ ಚಾಲ್ತಿಯಲ್ಲಿತ್ತಾ ನೋಡಿ, ಸ್ಕ್ರೀನ್‌ಶಾಟ್ ಇಡಿ. ಆಮೇಲೆ ಪಾಲಿಸಿ ಪ್ರತಿ ಕೈಗೆ ಬಂದಾಗ ಒಂದು ಸಾಲು ಹುಡುಕಿ: ಟಿಪಿಪಿಡಿ ಮಿತಿ, ಅಂದ್ರೆ ಬೇರೆಯವರ ಆಸ್ತಿ ಹಾನಿಗೆ ಕಂಪನಿ ಕೊಡುವ ಗರಿಷ್ಠ ಮೊತ್ತ. ಕಾರು, ಲಾರಿಗಳಿಗೆ ಇದು ಸಾಮಾನ್ಯವಾಗಿ 7.5 ಲಕ್ಷ ರೂಪಾಯಿ, ಬೈಕಿಗೆ 1 ಲಕ್ಷ. ಆದ್ರೆ ಪ್ರೀಮಿಯಂ ಸ್ವಲ್ಪ ಉಳಿಸೋಕೆ ಕೆಲವರು ಮಿತಿಯನ್ನ 6,000 ರೂಪಾಯಿಗೆ ಇಳಿಸಿಕೊಂಡಿರ್ತಾರೆ. ಆರು ಸಾವಿರಕ್ಕೆ ಈ ಗೋಡೆಯ ಕಲ್ಲೂ ಬರಲ್ಲ. ಮಿಕ್ಕಿದ್ದು ಗಾಡಿ ಮಾಲೀಕರ ತಲೆ ಮೇಲೆ, ಹಾಗಾಗಿ ಅರ್ಜಿಯಲ್ಲಿ ಮಾಲೀಕರನ್ನ ಬಿಡದೆ ಪ್ರತಿವಾದಿ ಮಾಡಿ. ಸಾರಿಗೆ ನಿಗಮದ ಬಸ್ಸಾದ್ರೆ ಪಾಲಿಸಿಯೇ ಇಲ್ಲದಿರಬಹುದು. ಮೋಟಾರು ವಾಹನ ಕಾಯ್ದೆಯ 146ನೇ ಕಲಂನಲ್ಲಿ ಅವರಿಗೆ ವಿನಾಯಿತಿಗೆ ಅವಕಾಶ ಇದೆ, ಆಗ ಕೊಡಬೇಕಾದ್ದು ನಿಗಮವೇ. ಗುದ್ದಿ ಓಡಿಹೋದ ಗಾಡಿ ಸಿಗದಿದ್ರೆ, ಹಿಟ್ ಅಂಡ್ ರನ್ ಪರಿಹಾರ ಯೋಜನೆ ಸಾವಿಗೆ, ತೀವ್ರ ಗಾಯಕ್ಕೆ ಮಾತ್ರ. ಗೋಡೆಗೆ ಅದರಲ್ಲಿ ಏನೂ ಇಲ್ಲ.

ಕಂಪನಿಗೆ ಲಿಖಿತವಾಗಿ ತಿಳಿಸಿ, ಆದ್ರೆ ಅವರು ನೇರ ಚೆಕ್ ಕೊಡ್ತಾರೆ ಅಂತ ಕಾಯಬೇಡಿ. ನೀವು ಅವರ ಗ್ರಾಹಕರಲ್ಲ, ಆದ್ದರಿಂದ ವಿಮಾ ಗ್ರಾಹಕರ ದೂರು ಕೇಳುವ ಓಂಬುಡ್ಸ್‌ಮನ್ ದಾರಿಯೂ ನಿಮಗಿಲ್ಲ. ದಾರಿ ಇರೋದು ಮೋಟಾರು ಅಪಘಾತ ಕ್ಲೇಮು ನ್ಯಾಯಮಂಡಳಿಗೆ, ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಕೆಳಗೆ. ಲಾರಿ ಯಾವ ಊರಿನದ್ದೇ ಇರಲಿ, ಅಪಘಾತ ಆದ ಜಾಗದಲ್ಲೇ, ಅಂದ್ರೆ ಕೊಡಗಿನಲ್ಲೇ ಅರ್ಜಿ ಹಾಕಬಹುದು. ಗಡುವು ಅಪಘಾತದ ದಿನದಿಂದ 6 ತಿಂಗಳು, 2022ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ಈ ಗಡುವಿನ ಬಗ್ಗೆ ಸುಪ್ರೀಂ ಕೋರ್ಟಿನಲ್ಲಿ ತಕರಾರು ಎದ್ದಿದೆ ನಿಜ, ಅದನ್ನ ನಂಬಿ ತಡ ಮಾಡಬೇಡಿ. ಜೂನಿನಲ್ಲಿ ಗುದ್ದಿದ್ರೆ ಗಡುವು ಮುಗಿಯೋದು ಡಿಸೆಂಬರಿನಲ್ಲಿ, ಕಾಫಿ ಕುಯ್ಲಿನ ಹೊತ್ತಿಗೆ, ಆಗ ಯಾರಿಗೂ ಪುರುಸೊತ್ತಿರಲ್ಲ.

ಅಂದಾಜು ಪಟ್ಟಿಯಲ್ಲಿ ಹೆಚ್ಚಿನವರು ಎಡವೋದು. "ಗೋಡೆ ರಿಪೇರಿ, ಒಟ್ಟು ಇಷ್ಟು" ಅಂತ ಮೇಸ್ತ್ರಿ ಬರೆದ ಚೀಟಿ ನಿಲ್ಲಲ್ಲ. ಇಪ್ಪತ್ತಡಿ ಉದ್ದ, ಐದಡಿ ಎತ್ತರ, ಒಂದೂವರೆ ಅಡಿ ದಪ್ಪ ಬಿದ್ದಿದ್ರೆ 150 ಘನ ಅಡಿ ಕಲ್ಲು ಕಟ್ಟಡ. ಬುನಾದಿ ಅಲುಗಿದ್ರೆ ಅದು ಬೇರೆ ಸಾಲು. ಮಣ್ಣು ತೆಗೆಯೋದು, ನೀರು ಹೋಗುವ ಪೈಪು, ಹಿಂದೆ ತುಂಬುವ ಜಲ್ಲಿ, ಸಾಗಣೆ, ಎಲ್ಲಾ ಬೇರೆ ಬೇರೆ. ಎಂಜಿನಿಯರ್ ಕೈಲಿ ಲೋಕೋಪಯೋಗಿ ಇಲಾಖೆಯ ದರಪಟ್ಟಿ ಇಟ್ಕೊಂಡು ಮಾಡಿಸಿ. ಮೊದಲು ಪೈಪು ಇಲ್ಲದ ಗೋಡೆಗೆ ಈಗ ಪೈಪು ಹಾಕಿಸಿದ್ರೆ ಆ ಖರ್ಚು ನಿಮ್ಮದೇ, ಪಟ್ಟಿಯಲ್ಲಿ ತೂರಿಸಬೇಡಿ. ಒಂದು ಸುಳ್ಳು ಸಾಲು ಸಿಕ್ಕಿದ್ರೆ ಉಳಿದ ಸಾಲುಗಳ ಮೇಲೂ ಅನುಮಾನ ಬರ್ತದೆ.

ತೋಟದ ಲೆಕ್ಕ ಇನ್ನೂ ನಾಜೂಕು. ಬೇರು ಸಮೇತ ಕಿತ್ತು ಬಂದ ಗಿಡ, ಬುಡ ಉಳಿದು ಮೇಲೆ ಮುರಿದ ಗಿಡ, ಎರಡನ್ನ ಬೇರೆ ಬರೆಯಿರಿ. ನೆಲದಿಂದ ಒಂದಡಿ ಮೇಲೆ ಮುರಿದ ರೋಬಸ್ಟಾ ಕಾಫಿ ಗಿಡ ಮತ್ತೆ ಚಿಗುರ್ತದೆ, ಅದಕ್ಕೆ ಕೇಳಬೇಕಾದ್ದು ನಡುವಿನ ವರ್ಷಗಳ ಫಸಲಿನ ನಷ್ಟ. ಕಿತ್ತು ಬಂದದ್ದಕ್ಕೆ ಹೊಸ ಗಿಡ, ಗುಂಡಿ, ಗೊಬ್ಬರ, ಫಸಲು ಕೈಗೆ ಬರುವವರೆಗಿನ ಮೂರ್ನಾಲ್ಕು ವರ್ಷ. ಆಸರೆ ಮರ ಮುರಿದ್ರೆ ಅದಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿಯೂ ಹೋದ ಹಾಗೇ. ಬಳ್ಳಿಯನ್ನ ಮರದ ಜೊತೆ ಸೇರಿಸಿ ಬರೀಬೇಡಿ, ಬೇರೆ ಸಾಲು. ಹಿಂದಿನ ಎರಡು ಮೂರು ವರ್ಷ ಕಾಫಿ, ಮೆಣಸು ಮಾರಿದ ಬಿಲ್ಲು ಲಗತ್ತಿಸಿ, ತೋಟಗಾರಿಕೆ ಇಲಾಖೆಯಿಂದ ಹಾನಿಯ ಪತ್ರ ಕೇಳಿ.

ಮಾಲೀಕತ್ವದ ಗಂಟು ಕೊಡಗಿಗೇ ವಿಶೇಷ. ಅರ್ಜಿ ಹಾಕಬೇಕಾದ್ದು ಆಸ್ತಿಯ ಮಾಲೀಕರು. ಜಮ್ಮಾ ಜಾಗದ, ಅಂದ್ರೆ ವಂಶಪಾರಂಪರ್ಯವಾಗಿ ಬಂದ ಜಾಗದ, ಪಹಣಿಯಲ್ಲಿ ಒಕ್ಕದ (ಕೊಡವ ಮನೆತನದ) ಹಲವರ ಹೆಸರು ಇರ್ತದೆ, ತೀರಿಹೋದ ಅಜ್ಜನ ಹೆಸರೂ ಇರ್ತದೆ. ಎಲ್ಲರನ್ನೂ ಅರ್ಜಿದಾರರನ್ನಾಗಿ ಸೇರಿಸಿ, ಆಗದಿದ್ರೆ ಅವರ ಒಪ್ಪಿಗೆಯ ಅಫಿಡವಿಟ್ ಮೊದಲೇ ತಗೊಳ್ಳಿ. ಸರ್ವೆ ನಕ್ಷೆಯನ್ನೂ ತೆಗೆಸಿ. ಗೋಡೆ ರಸ್ತೆಯ ಜಾಗಕ್ಕೆ ಎರಡಡಿ ಮುಂದೆ ಬಂದಿದ್ರೆ ಎದುರು ವಕೀಲರು ಅದನ್ನೇ ಹಿಡ್ಕೊಳ್ತಾರೆ.

ನಿಮ್ಮದೇ ಮನೆ ವಿಮೆ, ಭಾರತ್ ಗೃಹ ರಕ್ಷಾ ಪಾಲಿಸಿ, ಇದ್ಯಾ ನೋಡಿ, ಗೃಹಸಾಲದ ಫೈಲಿನಲ್ಲಿ ಮರೆತುಹೋಗಿರಬಹುದು. 2021ರ ಏಪ್ರಿಲಿನಿಂದ ಬಂದ ಈ ಪಾಲಿಸಿಯಲ್ಲಿ ವಾಹನ ಗುದ್ದಿದ ಹಾನಿ ಸೇರಿದೆ. ಕಾಂಪೌಂಡು, ಗೇಟು, ತಡೆಗೋಡೆ ಕಟ್ಟಡದ ಭಾಗ. ಕಾಫಿ ಗಿಡ ಅಲ್ಲ. ಅವಶೇಷ ತೆಗೆಯೋಕೆ ಕ್ಲೇಮಿನ ಶೇ. 2, ಎಂಜಿನಿಯರ್ ಶುಲ್ಕಕ್ಕೆ ಶೇ. 5ರವರೆಗೆ ಸಿಗ್ತದೆ. ಬೇಗ ದುಡ್ಡು ಬರುವ ದಾರಿ ಇದೇ. ಒಂದೇ ಹಾನಿಗೆ ಎರಡು ಕಡೆ ವಸೂಲಿ ಮಾತ್ರ ಆಗಲ್ಲ. ನಿಮ್ಮ ಕಂಪನಿ ದುಡ್ಡು ಕೊಟ್ಟ ಮೇಲೆ ಲಾರಿಯವರಿಂದ ವಸೂಲಿ ಮಾಡುವ ಹಕ್ಕು ಅವರಿಗೆ ಹೋಗ್ತದೆ. ಅದಕ್ಕೇ ಸ್ಥಳದಲ್ಲಿ ಹತ್ತು ಸಾವಿರ ತಗೊಂಡು "ಇನ್ನು ಯಾವ ತಕರಾರೂ ಇಲ್ಲ" ಅಂತ ಸಹಿ ಹಾಕಿದ್ರೆ ಎರಡೂ ಬಾಗಿಲು ಮುಚ್ಚಿದ ಹಾಗೆ.

ಹ್ಯಾಂಡ್‌ಬ್ರೇಕ್ ಹಾಕದ ನಿಮ್ಮದೇ ಜೀಪು ಇಳಿಜಾರಲ್ಲಿ ಉರುಳಿ ನಿಮ್ಮದೇ ಗೋಡೆಗೆ ಗುದ್ದಿದ್ರೆ ಜೀಪಿನ ಥರ್ಡ್ ಪಾರ್ಟಿ ವಿಮೆ ಒಂದು ರೂಪಾಯಿ ಕೊಡಲ್ಲ, ನಿಮಗೆ ನೀವೇ ಥರ್ಡ್ ಪಾರ್ಟಿ ಆಗೋಕಾಗಲ್ಲ. ಹಳೆಯ ಬೆಂಕಿ ವಿಮೆ ಪಾಲಿಸಿಗಳಲ್ಲಿ ಸ್ವಂತ ಗಾಡಿಯ ಹೊಡೆತ ಹೊರಗಿತ್ತು. ನಿಮ್ಮ ಕೈಲಿರುವ ಪಾಲಿಸಿಯಲ್ಲಿ ಆ ಸಾಲು ಇದ್ಯಾ ಅಂತ ಇವತ್ತೇ ತೆಗೆದು ನೋಡಿ.