ಕೈಗೆ ಬರುವ ಮೊದಲೇ

ಎಲ್ಲರಿಗೂ ನಮಸ್ಕಾರ.

ಇವತ್ತು ಸಂಬಳದ ಚೀಟಿ ಬಗ್ಗೆ ಮಾತಾಡೋಣ. ಹೆದರಬೇಡಿ, ಲೆಕ್ಕ ಜಾಸ್ತಿ ಇಲ್ಲ. ನಾನು 33 ವರ್ಷ ಒಂದು ಕಾರ್ಖಾನೆಯ ಸಂಬಳ ವಿಭಾಗದಲ್ಲಿ ಕೂತವನು. ಜನ ಚೀಟಿಯಲ್ಲಿ ಏನು ನೋಡುತ್ತಾರೆ ಅಂತ ಚೆನ್ನಾಗಿ ಗೊತ್ತು. ನೇರವಾಗಿ ಕೊನೆಯ ಸಾಲಿಗೆ ಹೋಗುತ್ತಾರೆ. ಕೈಗೆ ಎಷ್ಟು ಬಂತು? ಅಷ್ಟೇ. ಆಮೇಲೆ ಮಡಚಿ ಜೇಬಿಗೆ. ಈಗ ಚೀಟಿ ಮೊಬೈಲಿಗೇ ಬರುತ್ತದೆ, ತೆರೆದು ನೋಡುವವರೂ ಕಡಿಮೆ.

ಮಧ್ಯದಲ್ಲಿ ಪಿಎಫ್ ಅಂತ ಒಂದು ಸಾಲು ಇದೆ. ಅಂದರೆ ಭವಿಷ್ಯ ನಿಧಿ, ನಿವೃತ್ತಿಗೆ ಕೂಡಿಡುವ ದುಡ್ಡು. ಶಿಫ್ಟ್ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಇದನ್ನು ಕೇಳುತ್ತಿರುವ ನೀವು, ಇವತ್ತು ಮನೆಗೆ ಹೋದ ಮೇಲೆ ಆ ಸಾಲು ನೋಡಿ. ಬೇಸಿಕ್ ಅಂದರೆ ಮೂಲ ವೇತನ, ಡಿಎ ಅಂದರೆ ತುಟ್ಟಿಭತ್ಯೆ, ಎರಡೂ ಸೇರಿಸಿ ಬರುವ ಮೊತ್ತದಲ್ಲಿ 12 ಪರ್ಸೆಂಟ್ ನಿಮ್ಮಿಂದ ಹೋಗುತ್ತದೆ. ಅಷ್ಟೇ ಹಣವನ್ನು ಕಂಪನಿಯೂ ಹಾಕುತ್ತದೆ. "ಹಾಗಾದ್ರೆ ನನ್ನ ಖಾತೆಗೆ ಡಬಲ್ ಬೀಳುತ್ತೆ ಅಲ್ವಾ ಸಾರ್?" ಅಂತ ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ಬೀಳುವುದಿಲ್ಲ. ನಿಮ್ಮ ಬೇಸಿಕ್, ಡಿಎ ಸೇರಿ 20,000 ಅಂದುಕೊಳ್ಳಿ. ನಿಮ್ಮದು 2,400. ಕಂಪನಿಯದೂ 2,400. ಆದರೆ ನೀವು ಪಿಎಫ್‌ನ ಪಿಂಚಣಿ ಯೋಜನೆಯಲ್ಲಿದ್ದರೆ, ಕಂಪನಿಯ ಪಾಲಿನಿಂದ 1,250 ರೂಪಾಯಿ ಪಿಂಚಣಿ ನಿಧಿಗೆ ಹೋಗುತ್ತದೆ. ನಿಮ್ಮ ಪಿಎಫ್‌ಗೆ ಬರುವುದು ಉಳಿದ 1,150 ಮಾತ್ರ.

ಆ ಪಿಂಚಣಿಯಾದರೂ ದೊಡ್ಡದಾ? ಲೆಕ್ಕ ಹಾಕುವಾಗ 15,000 ರೂಪಾಯಿಗಿಂತ ಮೇಲಿನ ಸಂಬಳವನ್ನು ಗಣನೆಗೇ ತಗೊಳ್ಳುವುದಿಲ್ಲ. ಆ ಮಿತಿಯೊಳಗೆ ಮೂವತ್ತು ವರ್ಷ ದುಡಿದವರಿಗೂ ತಿಂಗಳಿಗೆ ಏಳು ಸಾವಿರ ದಾಟುವುದಿಲ್ಲ. ಮೂವತ್ತು ವರ್ಷ, ಸ್ವಾಮಿ!

ಅದಕ್ಕೇ ನಾನು ಹೇಳುವುದು ಒಂದೇ ಮಾತು. ಆ 12 ಪರ್ಸೆಂಟಿನ ಮೇಲೆ ನೀವಾಗಿ ಇನ್ನೊಂದಿಷ್ಟು ಕಟ್ ಮಾಡಿಸಿ. ಇದಕ್ಕೆ ವಿಪಿಎಫ್ ಅನ್ನುತ್ತಾರೆ, ಸ್ವಇಚ್ಛೆಯ ಪಿಎಫ್. ಹೊಸ ಖಾತೆ ಬೇಡ, ಏಜೆಂಟ್ ಬೇಡ. ಅದೇ ಯುಎಎನ್, ಅಂದರೆ ನಿಮ್ಮ ಪಿಎಫ್ ನಂಬರು, ಅದೇ ಪಾಸ್‌ಬುಕ್, ಅದೇ ಬಡ್ಡಿ. 2024-25ಕ್ಕೆ 8.25 ಪರ್ಸೆಂಟ್ ಕೊಟ್ಟಿದ್ದಾರೆ. ಬೇಕೆಂದರೆ ಬೇಸಿಕ್ ಮತ್ತು ಡಿಎ ಪೂರ್ತಿ ಹಾಕಬಹುದು. ಕಂಪನಿ ಮಾತ್ರ ಇದಕ್ಕೆ ಸಮನಾಗಿ ಏನೂ ಹಾಕಬೇಕಿಲ್ಲ. ಹೆಚ್ಚಿಗೆ ಹೋಗುವುದೆಲ್ಲ ನಿಮ್ಮದೇ ದುಡ್ಡು.

ಇದನ್ನು ನನಗೆ ಕಲಿಸಿದ್ದು ಯಾವ ಪುಸ್ತಕವೂ ಅಲ್ಲ. ನಮ್ಮಲ್ಲಿ ಒಬ್ಬ ಟರ್ನರ್ ಇದ್ದರು, ಲೇತ್ ಯಂತ್ರದ ಕೆಲಸಗಾರ.

1991ನೇ ಇಸವಿ. ಆಗ ಸಂಬಳ ಕವರಿನಲ್ಲಿ, ನೋಟು ಎಣಿಸಿ ಕೊಡುತ್ತಿದ್ದೆವು. ಏಳನೇ ತಾರೀಖು ನನ್ನ ಕಿಟಕಿ ಮುಂದೆ ಉದ್ದ ಸಾಲು. ಬಂದವರೆಲ್ಲ ಒಂದೇ ಜಗಳ: ಇಷ್ಟ್ಯಾಕೆ ಕಟ್ ಮಾಡಿದ್ರಿ? ಈ ಮನುಷ್ಯ ಬಂದು, ಕವರ್ ತಗೊಂಡು, ಎಣಿಸಿ, ಅಲ್ಲೇ ನಿಂತರು. "ಸಾರ್, ಬರೋ ತಿಂಗಳಿಂದ ಇನ್ನೂ ನೂರು ರೂಪಾಯಿ ಕಟ್ ಮಾಡಿ" ಅಂದರು.

ನಾನು ತಮಾಷೆ ಅಂದುಕೊಂಡೆ. ಹಿಂದೆ ನಿಂತವರೂ ನಕ್ಕರು. ಸೊಸೈಟಿ ಸಾಲವಾ ಅಂತ ಕೇಳಿದೆ. ಅಲ್ಲ ಸಾರ್, ಪಿಎಫ್‌ಗೆ ಅಂದರು. ಆಗ ನೂರು ರೂಪಾಯಿ ಸಣ್ಣದಲ್ಲ. ಮನೆಯಲ್ಲಿ ಇಬ್ಬರು ಮಕ್ಕಳು. "ಬ್ಯಾಂಕಿಗೆ ನೀವೇ ಕಟ್ಟಬಹುದಲ್ಲ?" ಅಂದೆ. ಅದಕ್ಕೆ ಅವರು ಗ್ರೀಸ್ ಹಿಡಿದ ಎರಡೂ ಅಂಗೈ ಕಿಟಕಿಯೊಳಗೆ ಚಾಚಿದರು. "ಈ ಕೈ ನೋಡಿ. ಬೆರಳ ಸಂದಿ ದೊಡ್ಡದು, ಬಂದದ್ದು ನಿಲ್ಲಲ್ಲ. ಕೈಗೆ ಬರೋ ಮೊದಲೇ ಹೋಗ್ಬಿಡಲಿ."

ನಮ್ಮ ರಿಜಿಸ್ಟರಿನಲ್ಲಿ ಅದಕ್ಕೊಂದು ಕಾಲಂ ಕೂಡ ಇರಲಿಲ್ಲ. ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಬರೆದೆ. ಇಡೀ ಕಾರ್ಖಾನೆಗೆ ಆ ಕಾಲಂನಲ್ಲಿ ಒಂದೇ ಹೆಸರು.

ಮೂರನೇ ವರ್ಷ ವೇತನ ಒಪ್ಪಂದವಾಯಿತು. ಅರಿಯರ್ಸ್, ಅಂದರೆ ಹಿಂದಿನ ಬಾಕಿ ಸಂಬಳ ಬಂತು. ಅರ್ಧ ಕಾರ್ಖಾನೆ ಕಲರ್ ಟಿವಿ ತಗೊಂಡಿತು. ನಾನೂ ತಗೊಂಡೆ, ಸುಳ್ಳು ಹೇಳಲ್ಲ. ಆ ತಿಂಗಳು ಟರ್ನರ್ ಮತ್ತೆ ಕಿಟಕಿ ಹತ್ತಿರ ನಿಂತರು. ಜೂನ್ ತಿಂಗಳು, ಸ್ಕೂಲ್ ಫೀಸಿನ ಸಮಯ. ಪಾಪ, ನಿಲ್ಲಿಸಲು ಬಂದಿದ್ದಾರೆ ಅಂದುಕೊಂಡು ಪೆನ್ನು ಕೈಗೆ ತಗೊಂಡೆ. "ಸಂಬಳ ಇನ್ನೂರು ಏರಿದೆಯಲ್ಲ ಸಾರ್, ಅದರಲ್ಲಿ ಅರ್ಧ ಅಲ್ಲಿಗೇ ಹಾಕಿ" ಅಂದರು. ಆಮೇಲೆ ಅದೇ ಅವರ ನಿಯಮವಾಯಿತು. ಏರಿದ್ದರಲ್ಲಿ ಅರ್ಧ ಮನೆಗೆ, ಅರ್ಧ ಕೆಂಪು ಕಾಲಂಗೆ. ಮನೆಗೆ ಹೋಗುವ ದುಡ್ಡು ಯಾವತ್ತೂ ಕಡಿಮೆ ಆಗಲಿಲ್ಲ ನೋಡಿ! ಅದು ಅವರ ಜಾಣತನ.

ಆಗ ಪಿಎಫ್ ಬಡ್ಡಿ ಎಷ್ಟಿತ್ತು ಗೊತ್ತಾ? 12 ಪರ್ಸೆಂಟ್. ಹತ್ತು ವರ್ಷ ಅಷ್ಟೇ ಇತ್ತು. ಪ್ರತಿ ತಿಂಗಳು ನನ್ನ ಕೈಯಾರೆ ಅವರ ಹೆಸರಿನ ಮುಂದೆ ಅಂಕಿ ಬರೆದವನು ನಾನು. ನನ್ನ ಹೆಸರಿನ ಮುಂದೆ ಬರೆದುಕೊಂಡೆನಾ? ಇಲ್ಲ. 2002ರಲ್ಲಿ, 41ನೇ ವಯಸ್ಸಿಗೆ ಬುದ್ಧಿ ಬಂತು. ಅಷ್ಟರಲ್ಲಿ ಬಡ್ಡಿ 9.5ಕ್ಕೆ ಇಳಿದಿತ್ತು.

2014ರಲ್ಲಿ ಅವರು ನಿವೃತ್ತರಾದರು. ಲೆಕ್ಕ ತೀರಿಸುವ ಕಾಗದ ನಾನೇ ತಯಾರಿಸಿದೆ. ಅವರ ಮೇಲಿದ್ದ ಸೂಪರ್‌ವೈಸರ್ ಅದೇ ವರ್ಷ ಹೊರಟರು. ಸಂಬಳದಲ್ಲಿ ಸೂಪರ್‌ವೈಸರ್ ದೊಡ್ಡವರು. ಪಿಎಫ್‌ನಲ್ಲಿ ಟರ್ನರ್ ದೊಡ್ಡವರು, ಹೆಚ್ಚುಕಡಿಮೆ ಎರಡರಷ್ಟು. ಸೂಪರ್‌ವೈಸರ್ ನನ್ನ ಮೇಜಿನ ಮುಂದೆ ಕೂತು ಎರಡು ಸಲ ಕೇಳಿದರು, ಟೈಪ್ ತಪ್ಪಿಲ್ಲ ತಾನೇ ಅಂತ.

ಕೊಟ್ಟ ಸಮಯದಲ್ಲಿ ಅರ್ಧಕ್ಕಿಂತ ಜಾಸ್ತಿ ಟರ್ನರ್‌ಗೇ ಹೋಯಿತು. ಇರಲಿ. ಉಳಿದದ್ದು ಬೇಗ ಹೇಳುತ್ತೇನೆ.

ಒಂದು ಲೆಕ್ಕ. ಬಡ್ಡಿ 8 ಪರ್ಸೆಂಟ್ ಅಂತ ಹಿಡಿಯೋಣ. ತಿಂಗಳಿಗೆ 2,000 ರೂಪಾಯಿ ಹೆಚ್ಚಿಗೆ ಕಟ್ ಮಾಡಿಸಿ. 28ನೇ ವಯಸ್ಸಿಗೆ ಶುರು ಮಾಡಿದರೆ 58ಕ್ಕೆ ಸುಮಾರು 28 ಲಕ್ಷ. 38ಕ್ಕೆ ಶುರು ಮಾಡಿದರೆ ಹನ್ನೊಂದು ಲಕ್ಷ ಚಿಲ್ಲರೆ. ನೀವು ಕಟ್ಟದೆ ಉಳಿಸಿಕೊಂಡದ್ದು 2 ಲಕ್ಷ 40 ಸಾವಿರ. ಕಳೆದುಕೊಂಡದ್ದು ಹದಿನಾರು ಲಕ್ಷದ ಮೇಲೆ.

"ಶೇರು ಮಾರ್ಕೆಟ್ಟಿನಲ್ಲಿ ಇನ್ನೂ ಜಾಸ್ತಿ ಬರುತ್ತೆ ಸಾರ್" ಅನ್ನುವ ಹುಡುಗರು ಇದ್ದಾರೆ. ಬರಲಿ, ಸಂತೋಷ. ಆದರೆ ಹಾಗೆ ಹೇಳಿದವರಲ್ಲಿ ಎಷ್ಟು ಜನ ಪ್ರತಿ ತಿಂಗಳೂ ಹಾಕಿದ್ದೀರಿ? ಕೈಗೆ ಬಂದ ದುಡ್ಡು, ಕೈಯಲ್ಲಿ ಮೊಬೈಲು. ಆಮೇಲೆ ನಾನೇನೂ ಹೇಳಬೇಕಾಗಿಲ್ಲ. ಕೈಗೆ ಬರುವ ಮೊದಲೇ ಹೋಗಬೇಕು.

ತೆರಿಗೆ ಬಗ್ಗೆ ಎರಡೇ ಮಾತು. ಹಳೇ ತೆರಿಗೆ ಪದ್ಧತಿಯಲ್ಲಿರುವವರಿಗೆ ಉಳಿತಾಯಕ್ಕೆ ಕೊಡುವ ಒಂದೂವರೆ ಲಕ್ಷದ ವಿನಾಯಿತಿ ಮಿತಿಯಲ್ಲಿ ಇದೂ ಸೇರುತ್ತದೆ. ಹೊಸ ಪದ್ಧತಿಯಲ್ಲಿ ಆ ವಿನಾಯಿತಿ ಇಲ್ಲ. ಇನ್ನು, ನಿಮ್ಮ ಪಾಲು ವರ್ಷಕ್ಕೆ ಎರಡೂವರೆ ಲಕ್ಷ ದಾಟಿದರೆ, ದಾಟಿದ ಭಾಗದ ಬಡ್ಡಿಗೆ ತೆರಿಗೆ ಬೀಳುತ್ತದೆ. 2021ರ ಏಪ್ರಿಲ್‌ನಿಂದ ಬಂದ ನಿಯಮ ಇದು. ಅಷ್ಟು ಕಟ್ಟುವವರು ನನ್ನ ಭಾಷಣ ಕೇಳಬೇಕಾಗಿಲ್ಲ ಬಿಡಿ.

ಕೆಲಸ ಬದಲಿಸಿದಾಗ ದುಡ್ಡು ಬಿಡಿಸಿಕೊಳ್ಳಬೇಡಿ, ಹೊಸ ಕಂಪನಿಗೆ ವರ್ಗಾಯಿಸಿ. ಇದಕ್ಕೇ ಬೇರೆ ಒಂದು ಭಾಷಣ ಬೇಕು.

ಈಗ ಅರ್ಜಿ. ಎಚ್‌ಆರ್ ಅಥವಾ ಸಂಬಳ ವಿಭಾಗಕ್ಕೆ ಎರಡು ಸಾಲು ಬರೆದರೆ ಸಾಕು. ಕೆಲವು ಕಂಪನಿಗಳು ಏಪ್ರಿಲ್‌ನಲ್ಲಿ ಮಾತ್ರ ತಗೊಳ್ಳುತ್ತವೆ, ಈಗಲೇ ವಿಚಾರಿಸಿ ಇಟ್ಟುಕೊಳ್ಳಿ. "ನನ್ನ ಸಂಬಳದಿಂದ ಪ್ರತಿ ತಿಂಗಳು ಇಷ್ಟು ರೂಪಾಯಿಯನ್ನು ವಿಪಿಎಫ್‌ಗೆ ಹೆಚ್ಚುವರಿಯಾಗಿ ಕಡಿತ ಮಾಡಿ" ಅಂತ ಬರೆಯಿರಿ. ಕೆಳಗೆ ಯುಎಎನ್ ನಂಬರು, ಯಾವ ತಿಂಗಳಿಂದ ಅನ್ನುವುದು, ಸಹಿ. ತಾರೀಖು ಹಾಕಿ. ತಾರೀಖು ಇಲ್ಲದ ಅರ್ಜಿಗಳನ್ನು ನಾವು ಡ್ರಾಯರಿನ ತಳದಲ್ಲಿ ಇಟ್ಟುಬಿಡುತ್ತಿದ್ದೆವು.

ನಮಸ್ಕಾರ.