ಕುಶಾಲನಗರ: ಹೊಳೆಯ ದಡದಲ್ಲಿ ಬೆಳೆದ ಊರು

ಕೇಳುಗರೆಲ್ಲರಿಗೂ ನಮಸ್ಕಾರ.

ಮೈಸೂರಿನ ಕಡೆಯಿಂದ ಬರುವವರಿಗೆ ಕೊಡಗು ಆರಂಭವಾಗುವುದು ಕೊಪ್ಪದ ಸೇತುವೆಯ ಮೇಲೆ. ಆಚೆ ದಡದ ಕೊಪ್ಪ ಪಿರಿಯಾಪಟ್ಟಣ ತಾಲ್ಲೂಕಿಗೆ ಸೇರಿದ್ದರೆ ಈಚೆ ದಡದಲ್ಲಿ ಕುಶಾಲನಗರವಿದೆ. ನಡುವೆ ಉತ್ತರಾಭಿಮುಖವಾಗಿ ಹರಿಯುವ ಕಾವೇರಿಯೇ ಎರಡು ಜಿಲ್ಲೆಗಳ ಗಡಿ. ಇಲ್ಲಿಂದ ಕೆಲವೇ ಕಿಲೋಮೀಟರ್ ಮುಂದೆ, ಕೂಡಿಗೆಯಲ್ಲಿ, ಹಾರಂಗಿ ನದಿ ಬಂದು ಕಾವೇರಿಯನ್ನು ಸೇರುತ್ತದೆ. ಈ ಊರಿನ ಭಾಗ್ಯವೂ ಕಷ್ಟವೂ ಬಹುಮಟ್ಟಿಗೆ ಈ ಎರಡು ನೀರುಗಳಿಂದಲೇ ಬಂದವು.

ಭಾಗಮಂಡಲದ ಕಡೆ ಆಷಾಢದಲ್ಲಿ ದಿನಗಟ್ಟಲೆ ಸೂರ್ಯನೇ ಕಾಣದಂತೆ ಮಳೆ ಹೊಡೆಯುತ್ತಿರುವಾಗ ಕುಶಾಲನಗರದಲ್ಲಿ ಜಿನುಗು ಮಳೆ ಬಂದು ಹೋಗುತ್ತದೆ, ನಡುನಡುವೆ ಬಿಸಿಲೂ ಬೀಳುತ್ತದೆ. ಇದು ಬೆಟ್ಟಗಳ ಸಾಲು ಮುಗಿದು ಬಯಲುಸೀಮೆ ತೆರೆದುಕೊಳ್ಳುವ ಜಾಗ. 1834ರಲ್ಲಿ ಚಿಕ್ಕವೀರರಾಜೇಂದ್ರನ ಆಳ್ವಿಕೆ ಕೊನೆಗೊಂಡು ಕೊಡಗು ಬ್ರಿಟಿಷರ ವಶವಾದ ಮೇಲೆ, ಆ ಸಂದರ್ಭದಲ್ಲಿ ಇಲ್ಲಿದ್ದ ಕರ್ನಲ್ ಫ್ರೇಸರ್ ಎಂಬ ಅಧಿಕಾರಿಯ ಹೆಸರಿನಲ್ಲಿ ಊರಿಗೆ ಫ್ರೇಸರ್‌ಪೇಟೆ ಎಂಬ ಹೆಸರು ಬಂತು. ಮಡಿಕೇರಿಯ ಮಳೆಯನ್ನು ತಾಳಲಾರದ ಅಧಿಕಾರಿಗಳು ಮಳೆಗಾಲವನ್ನು ಇಲ್ಲಿ ಕಳೆಯುತ್ತಿದ್ದರು. 1956ರಲ್ಲಿ ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. ಬಹುಕಾಲ ಸೋಮವಾರಪೇಟೆ ತಾಲ್ಲೂಕಿನ ಭಾಗವಾಗಿದ್ದ ಕುಶಾಲನಗರ ಇತ್ತೀಚೆಗೆ ತಾನೇ ತಾಲ್ಲೂಕು ಕೇಂದ್ರವಾಗಿದೆ.

ಗಡಿಯ ಊರಾದ್ದರಿಂದ ಇಲ್ಲಿನ ಜನಜೀವನ ಮಡಿಕೇರಿ, ವಿರಾಜಪೇಟೆಗಳಿಗಿಂತ ಭಿನ್ನ. ಬೆಟ್ಟದ ಕಾಫಿ ಹಸನಾಗಲು ಕೂಡ್ಲೂರಿನ ಕ್ಯೂರಿಂಗ್ ಘಟಕಗಳಿಗೆ ಇಳಿದು ಬರುತ್ತದೆ. ಬಯಲಿನ ಜೋಳ, ಶುಂಠಿ, ತರಕಾರಿಗಳು ಸೇತುವೆ ದಾಟಿ ಬರುತ್ತವೆ. ಸಂತೆಯ ಒಂದು ಸಾಲಿನಲ್ಲಿ ನಡೆದರೆ ಕನ್ನಡ, ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ತಮಿಳುಗಳೆಲ್ಲ ಕಿವಿಗೆ ಬೀಳುತ್ತವೆ. 1960ರ ದಶಕದ ಆರಂಭದಲ್ಲಿ ಹೊಳೆಯಾಚೆಯ ಬೈಲುಕುಪ್ಪೆಯಲ್ಲಿ ನೆಲೆ ಪಡೆದ ಟಿಬೆಟನ್ನರಿಗೂ ಹತ್ತಿರದ ಪೇಟೆ ಇದೇ. ಕೆಂಗಂದು ವಸ್ತ್ರದ ಭಿಕ್ಷು ಅಚ್ಚ ಕನ್ನಡದಲ್ಲಿ ಸೊಪ್ಪಿನ ಬೆಲೆ ಚೌಕಾಸಿ ಮಾಡುವುದು ಇಲ್ಲಿ ಯಾರಿಗೂ ವಿಶೇಷವೆನಿಸುವುದಿಲ್ಲ. ಕಾರ್ತಿಕದ ಗಣಪತಿ ರಥೋತ್ಸವಕ್ಕೆ ಇಡೀ ಊರು ಸೇರುತ್ತದೆ. ಬೇರೆ ಬೇರೆ ಕಡೆಗಳಿಂದ ಬಂದವರು ಒಂದೇ ಹೊಳೆಯ ನೀರು ಕುಡಿದು ನೆರೆಹೊರೆಯವರಾದ ಊರು ಇದು ಎಂಬ ಅಭಿಮಾನ ನನಗಿದೆ.

ಹೀಗೆ ಬಂದವರಿಗೆಲ್ಲ ಮನೆ ಬೇಕಾಯಿತು. ಹೊಳೆಯ ಪಕ್ಕದ ಗದ್ದೆಗಳು ಮಣ್ಣು ತುಂಬಿ ನಿವೇಶನಗಳಾದವು. ನಿವೃತ್ತರಾದವರು, ತೋಟದ ಕೆಲಸ ಬಿಟ್ಟು ಬಂದವರು, ಮಕ್ಕಳ ಓದಿಗಾಗಿ ಪೇಟೆ ಸೇರಿದವರು ಸಾಲ ಮಾಡಿ ಅಲ್ಲಿ ಮನೆ ಕಟ್ಟಿದರು. ಆದರೆ ಗದ್ದೆಯಾಗಿದ್ದಾಗ ಆ ತಗ್ಗು ಮಾಡುತ್ತಿದ್ದ ಕೆಲಸ ಬತ್ತ ಬೆಳೆಯುವುದೊಂದೇ ಆಗಿರಲಿಲ್ಲ. ಹೊಳೆ ಉಕ್ಕಿದಾಗ ನೀರು ಅಲ್ಲಿ ಹರಡಿ, ನಿಂತು, ಎರಡು ಮೂರು ದಿನಗಳಲ್ಲಿ ಮೆಲ್ಲನೆ ಹಿಂದಕ್ಕೆ ಸರಿಯುತ್ತಿತ್ತು. ಬೆಟ್ಟದಲ್ಲಿ ಬಿದ್ದ ಮಳೆ ಕಾವೇರಿಯಲ್ಲಿ ಇಳಿದು ಬರುವ ಹೊತ್ತಿಗೇ ಹಾರಂಗಿಯೂ ತುಂಬಿ ಹರಿದರೆ, ಕೂಡಿಗೆಯ ಸಂಗಮದಲ್ಲಿ ಒಂದರ ಹರಿವನ್ನು ಇನ್ನೊಂದು ತಡೆಯುತ್ತದೆ. ಮುಂದೆ ಸಾಗಲಾರದ ನೀರು ದಡ ಮೀರಿ ತಗ್ಗು ಹುಡುಕುತ್ತದೆ. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಸಾಯಿ ಬಡಾವಣೆ, ಕುವೆಂಪು ಬಡಾವಣೆಗಳಿಗೆ ನೀರು ನುಗ್ಗಿದಾಗ ಜನರನ್ನು ದೋಣಿಗಳಲ್ಲಿ ಕರೆತರಬೇಕಾಯಿತು.

ನೀರು ಇಳಿದ ಮೇಲಿನ ಮನೆಗಳನ್ನು ನೋಡಿದವರು ಅದನ್ನು ಮರೆಯಲಾರರು. ಗೋಡೆಯ ಸುಣ್ಣದ ಮೇಲೆ ಕಿಟಕಿಯ ಮಟ್ಟಕ್ಕೆ ನೇರವಾಗಿ ಎಳೆದಂತೆ ಕಂದು ಗೆರೆ; ಅದರ ಕೆಳಗೆ ಕಪಾಟಿನ ಬಾಗಿಲುಗಳು ಉಬ್ಬಿ ತೆರೆಯಲಾಗದೆ ನಿಂತಿವೆ; ನೆನೆದ ಅಕ್ಕಿ ಮೂಟೆಯಲ್ಲೇ ಮೊಳಕೆ ಒಡೆದು ಹುಳಿ ವಾಸನೆ ಬರುತ್ತಿದೆ; ಅಂಗಳದ ಹಗ್ಗಕ್ಕೆ ಮಕ್ಕಳ ಶಾಲೆಯ ಪುಸ್ತಕಗಳನ್ನು ಒಂದೊಂದಾಗಿ ಒಣಹಾಕಿದ್ದಾರೆ. ಅಂಥ ದಿನಗಳಲ್ಲಿ ಎತ್ತರದ ಬೀದಿಗಳವರು ತಮ್ಮ ಮನೆಯ ಜಗಲಿಗಳನ್ನು ತೆರೆದು, ಸಾಮೂಹಿಕವಾಗಿ ಅಡುಗೆ ಮಾಡಿ ಬಡಿಸಿದ್ದನ್ನು ಕೃತಜ್ಞತೆಯಿಂದ ನೆನೆಯಲೇಬೇಕು.

ಆದರೆ ಪ್ರತಿ ಸಲವೂ ಔದಾರ್ಯವನ್ನೇ ನೆಚ್ಚಿಕೊಂಡು ಕೂರಲಾಗದು. ತಡೆಗೋಡೆ ಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ಉಳಿದಿರುವ ತಗ್ಗು ಗದ್ದೆಗಳನ್ನು ಗದ್ದೆಗಳಾಗಿಯೇ ಉಳಿಸುವುದು ಅದಕ್ಕಿಂತ ಮುಖ್ಯವೆಂದು ನಾನು ನಂಬಿದ್ದೇನೆ. ಮಳೆಗಾಲಕ್ಕೆ ಮೊದಲೇ ಹೊಳೆಗೆ ಸೇರುವ ತೋಡುಗಳ ಹೂಳು ತೆಗೆಯಬೇಕು, ಪೇಟೆಯ ಕೊಳಚೆ ಅವುಗಳ ಮೂಲಕ ಕಾವೇರಿಗೆ ಇಳಿಯುವುದು ನಿಲ್ಲಬೇಕು. ದಡದ ಬಳಿ ನಿವೇಶನ ಕೊಳ್ಳಲು ಬರುವವರು ಕಾಗದಪತ್ರ ನೋಡಿದಷ್ಟೇ ಶ್ರದ್ಧೆಯಿಂದ ಅಕ್ಕಪಕ್ಕದ ಮನೆಯವರನ್ನು ಕಂಡು, ಆ ಎರಡು ವರ್ಷಗಳಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೇಳಿ ತಿಳಿಯಲಿ. ಅವರು ಗೋಡೆ ಮುಟ್ಟಿ ತೋರಿಸುತ್ತಾರೆ.

ನಮಸ್ಕಾರ.